ಹದಿನೇಳನೆಯ ಪ್ರಶ್ನೆಗೆ ಎರಡು ಉತ್ತರ

“ಸೌರಾಷ್ಟ್ರ ಬೇರೆ ರಾಜ್ಯ ಆಗುವುದಾದರೆ ನೀವು ಅದಕ್ಕೆ ಒಪ್ಪುತ್ತೀರಾ?” ನಮ್ಮ ಫಾರಂನ ಹದಿನೇಳನೆಯ ಪ್ರಶ್ನೆ ಇದು. ಖಂಡಿತ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ, ಒಪ್ಪುವುದಿಲ್ಲ, ಖಂಡಿತ ಒಪ್ಪುವುದಿಲ್ಲ ಎಂದು ಐದು ಉತ್ತರ. ಒಂದರಿಂದ ಐದರವರೆಗೆ ಅಂಕಿ, ಸರಿಯಾದ ಅಂಕಿಯ ಸುತ್ತ ಪೆನ್ನಿನಿಂದ ಒಂದು ಸೊನ್ನೆ. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರುಗಳಲ್ಲಿ ಒಂದು ಚಳಿಗಾಲವಿಡೀ ನಾನೂ ನನ್ನ ಕೈಕೆಳಗಿನವರೂ ಕೇಳಿದ್ದು ಇದನ್ನೇ. ಕೊನೆಕೊನೆಗೆ ಬಸ್ಸಿನಲ್ಲಿ ಪಕ್ಕದವರು ಟೈಮ್ ಕೇಳಿದರೂ ನನ್ನ ಬಾಯಿಗೆ ಈ ವಾಕ್ಯವೇ ಬರುವಂತಾಗಿತ್ತು.

ಮೊಬೈಲಿಗೆ ಬರುವ ಕರೆಗೂ ದುಡ್ಡು ಹಿಡಿಯುವ ಕಾಲ ಆಗಷ್ಟೇ ಮುಗಿದಿತ್ತು. ಅಹಮದಾಬಾದಿನ ಒಂದು ಸಣ್ಣ ಸರ್ವೆ ಸಂಸ್ಥೆಯಲ್ಲಿ ನಾನು ಫೀಲ್ಡ್ ಸೂಪರ್‌ವೈಸರ್. ಹೊರದೇಶದ ಪ್ರಾಧ್ಯಾಪಕರೊಬ್ಬರು ನಮಗೆ ಕೆಲಸ ಕೊಟ್ಟಿದ್ದರು. ಹೊಟ್ಟೆಪಾಡಿಗೆ ತನ್ನ ಸೀಮೆ ಬಿಟ್ಟು ಬಂದ ಮನುಷ್ಯ ಆ ಸೀಮೆ ಬೇರೆಯಾಗಿ ತನ್ನ ಕಾಲ ಮೇಲೆ ನಿಲ್ಲಲಿ ಎಂದು ಬಯಸುತ್ತಾನೋ ಇಲ್ಲವೋ, ಬಯಸಿದರೆ ಅಭಿಮಾನಕ್ಕೋ ಲಾಭಕ್ಕೋ ಎಂಬುದು ಅವರಿಗೆ ಬೇಕಿತ್ತು. ಸ್ವಾತಂತ್ರ್ಯ ಬಂದ ಮೇಲೆ ಕೆಲವು ವರ್ಷ, ಈಗ ಗುಜರಾತಿನ ಪಶ್ಚಿಮ ಭಾಗವಾಗಿರುವ ಸೌರಾಷ್ಟ್ರ ಪ್ರತ್ಯೇಕ ರಾಜ್ಯವೇ ಆಗಿತ್ತು. ಅಲ್ಲಿನ ಜನ ಈ ಮೂರು ಊರಿನ ಕಾರ್ಖಾನೆಗಳಲ್ಲಿ ತುಂಬಿಕೊಂಡಿದ್ದಾರೆ. ಆದ್ದರಿಂದ ಕೇಳುವ ಜನವೂ ಇದ್ದರು, ಕೇಳುವುದಕ್ಕೆ ಕಾರಣವೂ ಇತ್ತು.

ನನಗೆ ಮಾತ್ರ ಆ ಪ್ರಶ್ನೆಯ ಬಗ್ಗೆ ಏನೂ ಅನ್ನಿಸುತ್ತಿರಲಿಲ್ಲ. ಅನ್ನಿಸಬಾರದು ಎಂದೇ ತರಬೇತಿ. ಕೇಳುವವರ ಮುಖದ ಮೇಲೆ ಹೌದೂ ಇರಬಾರದು, ಅಲ್ಲವೂ ಇರಬಾರದು. ನಾನು ನಿಯಮ ಎಂದರೆ ನಿಯಮ ಎನ್ನುವ ಜಾತಿ. ಆ ಮುಖವನ್ನು ಬೆಳಿಗ್ಗೆ ಹಾಕಿಕೊಂಡು ಹೊರಟರೆ ಸಂಜೆ ಬಾಡಿಗೆ ಫ್ಲ್ಯಾಟಿಗೆ ಬಂದು ತೆಗೆಯಲು ಮರೆಯುತ್ತಿದ್ದೆ. ಜೊತೆಗಿದ್ದ ಇಬ್ಬರು ಹುಡುಗಿಯರು “ಊಟ ಹೇಗಿದೆ?” ಎಂದರೆ “ಹೇಳಲಾರೆ, ಮೂರು” ಎನ್ನುತ್ತೇನೆಂದು ನಗುತ್ತಿದ್ದರು.

ಫಾರಂ ತುಂಬುವವರನ್ನು ಇನ್ವೆಸ್ಟಿಗೇಟರ್ ಎನ್ನುತ್ತಿದ್ದೆವು. ನನ್ನ ಕೈಕೆಳಗೆ ಆರು ಜನ ಇದ್ದರು. ಐವರು ಕಾಲೇಜು ಮುಗಿಸಿ ಬೇರೆ ಕೆಲಸ ಸಿಗುವವರೆಗೆ ಎಂದು ಬಂದವರು. ಆರನೆಯವರು ಐವತ್ತು ದಾಟಿದ ಒಬ್ಬ ಹಿರಿಯರು. ಬಟ್ಟೆ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಟೈಮ್‌ಕೀಪರ್ ಆಗಿದ್ದು, ಗಿರಣಿ ಮುಚ್ಚಿದ ಮೇಲೆ ಸರ್ವೆ ಸಂಸ್ಥೆಗಳಲ್ಲಿ ಫಾರಂ ತುಂಬಿ ಸಂಸಾರ ನಡೆಸುತ್ತಿದ್ದರು. ಕನ್ನಡಕದ ಮುರಿದ ಕಡ್ಡಿಗೆ ದಾರ ಕಟ್ಟಿದ್ದರು. ಅಕ್ಷರ ಮುದ್ರಿಸಿದಂತೆ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಗದಗಿನ ನಮ್ಮ ಮನೆಯಲ್ಲೂ ಅಪ್ಪನ ತಮ್ಮ ಕಾಕಾನೇ, ಹಾಗಾಗಿ ನನಗೂ ಆ ಮಾತು ಬಾಯಿಗೆ ಸಲೀಸು. ನಾನು ಎಲ್ಲರಿಗೂ ಬೆನ್, ಎಂದರೆ ಅಕ್ಕ. ಇನ್ನೊಂದು ಹೇಳಬೇಕು. ಅಲ್ಲಿನವರು ನನ್ನೊಡನೆ ಆಡಿದ್ದು ಗುಜರಾತಿ. ನನ್ನ ನೆನಪಿನಲ್ಲಿ ಅದು ಗದಗಿನ ಮಾತಾಗಿಯೇ ಕೂತಿದೆ, ಹಾಗೆಯೇ ಬರೆಯುತ್ತೇನೆ.

ಒಪ್ಪಂದದಲ್ಲಿ ಸ್ಪಷ್ಟವಾಗಿತ್ತು: ಉತ್ತರ ಕೊಡುವವನ ಮನೆಗೆ ಹೋಗಿ, ಮನೆಯಲ್ಲಿ ಕೂತು ಕೇಳಬೇಕು. ಅಹಮದಾಬಾದಿನಲ್ಲಿ ಮೊದಲ ವಾರವೇ ಅದು ಕೆಟ್ಟಿತು. ಗಲಭೆಗಳ ನೆನಪು ಇನ್ನೂ ಹಸಿಯಾಗಿದ್ದು, ಹೆಸರು, ವಿಳಾಸ, ಮೂಲ ಊರು ಕೇಳುವ ಅಪರಿಚಿತರನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ ಅದು, ಅವರದ್ದು ತಪ್ಪೆಂದು ಹೇಳುವ ಬಾಯಿ ಯಾರಿಗೂ ಇರಲಿಲ್ಲ. ಬಾಗಿಲು ತೆಗೆದ ಮನೆಯಲ್ಲಿ ಗಂಡಸು ಇರುತ್ತಿರಲಿಲ್ಲ, ಕೆಲಸಕ್ಕೆ ಹೋಗಿರುತ್ತಿದ್ದ. ಇಡೀ ದಿನ ಅಲೆದು ಒಬ್ಬೊಬ್ಬರು ಎರಡು ಫಾರಂ ತಂದರೆ ಹೆಚ್ಚು. ಸಂಕ್ರಾಂತಿಯ ಗಾಳಿಪಟದ ಎರಡು ದಿನವಂತೂ ಊರಿನ ಗಂಡಸರೆಲ್ಲ ಮಾಳಿಗೆ ಮೇಲೆ ಇದ್ದರು.

ಆಗ ನಾನೊಂದು ನಿರ್ಧಾರ ಮಾಡಿದೆ. ಜನ ಹಗಲೆಲ್ಲ ಎಲ್ಲಿರುತ್ತಾರೋ ಅಲ್ಲಿಗೇ ಹೋಗುವುದು. ವಟ್ವಾದ ಒಂದು ಬಣ್ಣದ ಕಾರ್ಖಾನೆಯ ಮಾಲೀಕರನ್ನು ನೋಡಿ, ಊಟದ ಬಿಡುವಿನಲ್ಲಿ ಸೌರಾಷ್ಟ್ರದ ಕಡೆಯ ಕೆಲಸಗಾರರನ್ನು ಒಬ್ಬೊಬ್ಬರಾಗಿ ಕಳಿಸಿಕೊಡಿ ಎಂದು ಕೇಳಿದೆ. ಅವರು ಫಾರಂ ತಿರುವಿ ನೋಡಿ, ಹಾಜರಿ ಪುಸ್ತಕ ತರಿಸಿ, ತಾವೇ ಹೆಸರು ಗುರುತು ಹಾಕಿಕೊಟ್ಟರು. ಮೊಣಕೈವರೆಗೆ ನೀಲಿ ಹಿಡಿದವರು, ಕಿವಿಯೊಳಗೂ ಕೆಂಪು ಕೂತವರು ಸಾಲಾಗಿ ಬಂದು ಉತ್ತರ ಕೊಟ್ಟು ಹೋದರು. ಒಂದು ವಾರದ ಕೆಲಸ ಎರಡು ದಿನದಲ್ಲಿ ಮುಗಿಯಿತು. ಇಂಗ್ಲಿಷಿನಲ್ಲೇ ಮಾತಾಡುವ ನಮ್ಮ ಸಂಸ್ಥೆಯ ಡೈರೆಕ್ಟರ್‌ಗೆ ಫೋನಿನಲ್ಲಿ ಹೇಳಿದೆ. “ಎಲ್ಲಿ ಕೇಳಿದಿರಿ ಅಂತ ನನಗೆ ಹೇಳಬೇಡಿ, ಮುಗಿಸಿ” ಎಂದರು. ಫಾರಂನಲ್ಲಿ ಎಲ್ಲಿ ಕೇಳಿದ್ದು ಎಂಬ ಕಾಲಂ ಇರಲಿಲ್ಲ. ಇಲ್ಲದ ಕಾಲಂ ತುಂಬುವ ಅಗತ್ಯವೂ ಇಲ್ಲ ಎಂದುಕೊಂಡೆ.

ಕಾಕಾ ಮಾತ್ರ ಒಂದು ಸಲ ಬಾಯಿ ಬಿಟ್ಟರು. “ಬೆನ್, ಮನ್ಯಾಗ ಕೂತು ಕೇಳಬೇಕು ಅಂತ ಟ್ರೇನಿಂಗ್‌ನ್ಯಾಗ ಹೇಳಿದ್ರಿ.”

“ಮನಿ ಬಾಗಲಾ ತಗದ್ರ ಕೇಳೂಣು ಕಾಕಾ” ಎಂದೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ವಡೋದರಾದ ಗೋರ್ವಾದಲ್ಲೂ ಹೀಗೇ ಮಾಡಿದೆವು. ಅಲ್ಲಿ ಸಣ್ಣ ಎಂಜಿನಿಯರಿಂಗ್ ಶೆಡ್ಡುಗಳು, ಲೇತ್ ಯಂತ್ರದ ಪಕ್ಕದಲ್ಲೇ ಕಬ್ಬಿಣದ ಸ್ಟೂಲಿನ ಮೇಲೆ ಕೂತು ಕೇಳುವುದು. ಒಂದೇ ಜಿಲ್ಲೆಯ ಹುಡುಗರು ನಾಲ್ಕೈದು ಜನ ಒಟ್ಟಿಗಿದ್ದಲ್ಲಿ ಒಬ್ಬ “ಖಂಡಿತ ಬೇಕು” ಎಂದರೆ ಉಳಿದವರೂ ಗಟ್ಟಿಯಾಗಿ “ಬೇಕು” ಎನ್ನುತ್ತಿದ್ದರು. ಕಾಕಾ ಆ ಹುಡುಗರನ್ನು ಬೇರೆ ಬೇರೆ ಕರೆದು ಮತ್ತೊಮ್ಮೆ ಕೇಳುತ್ತಿದ್ದರು. ಅದಕ್ಕೇ ಅವರ ಫಾರಂ ನಿಧಾನ, ಆದರೆ ಒಂದು ಗೆರೆ ಅಳಿಸಿದ್ದು ಕಾಣುತ್ತಿರಲಿಲ್ಲ.

ಕೊನೆಗೆ ಸೂರತ್. ತಂಡ ಸ್ಟೇಷನ್ ಹತ್ತಿರದ ಲಾಡ್ಜಿನಲ್ಲಿ ಉಳಿಯಿತು. ನಾನು ಅಡಾಜಣ್‌ನಲ್ಲಿ ನಮ್ಮ ಧಾರವಾಡದ ಕಡೆಯ ಒಬ್ಬ ಬ್ಯಾಂಕ್ ಮ್ಯಾನೇಜರರ ಮನೆಯಲ್ಲಿ ಉಳಿದೆ. ಅವರ ಹೆಂಡತಿಯನ್ನು ಅಕ್ಕ, ಅವರನ್ನು ಮಾಮಾ ಎನ್ನುತ್ತಿದ್ದೆ. ಜೋಳದ ರೊಟ್ಟಿ, ಪುಂಡಿಪಲ್ಯ ಸಿಗುವ ಮನೆ. ಮಗಳು ಮಾತ್ರ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಟ್ಟು ಟಿ.ವಿ. ಕಡೆ ತಿರುಗುತ್ತಿದ್ದಳು. ಮೊದಲ ದಿನ ಊಟಕ್ಕೆ ಕೂತಾಗ ನನ್ನ ಕೆಲಸ ಏನೆಂದು ಮಾಮಾ ಕೇಳಿದರು. ಹೇಳಿದೆ. ಅವರಿಗೆ ಆವೇಶವೇ ಬಂತು.

“ಕೇಳೂದು ಏನೈತಿ ಅದರಾಗ? ನಮ್ಮ ಉತ್ತರ ಕರ್ನಾಟಕನೂ ಬ್ಯಾರೆ ರಾಜ್ಯ ಆಗಬೇಕವಾ. ನೀರಿಲ್ಲ, ರಸ್ತೆ ಇಲ್ಲ. ಎಲ್ಲಾ ಬೆಂಗಳೂರಿನವ್ರೇ ನುಂಗ್ತಾರ. ನಾ ಸಂಘದ ಮೀಟಿಂಗ್‌ನ್ಯಾಗೂ ಇದನ್ನ ಹೇಳೇನಿ. ಬರಕೋ ನನ್ನ ಹೆಸರು, ಒಂದನೇ ನಂಬರ್!”

ಅಕ್ಕ ರೊಟ್ಟಿ ಹಾಕುತ್ತ, “ಹೌದ್ರೀ? ಹಂಗಾದ್ರ ಹೋದ ವರ್ಷ ಬೆಂಗಳೂರಾಗ ಸೈಟ್ ಯಾಕ ತಗೊಂಡ್ರಿ? ರಿಟೈರ್ ಆದಮ್ಯಾಲೆ ಬ್ಯಾರೆಯವರ ರಾಜ್ಯದಾಗ ಮನಿ ಕಟ್ಟಾವ್ರೇನು?” ಎಂದರು.

ಮಾಮಾ ಸ್ವಲ್ಪ ಹೊತ್ತು ರೊಟ್ಟಿ ಮುರಿದರು. “ಈಗ ಹಂಗs ಇರಲಿ ಬಿಡು. ಮೊದಲ ಅಭಿವೃದ್ಧಿ ಆಗಬೇಕು” ಎಂದರು. ಬೀದಿಯಲ್ಲಿ ಹುಲಿ, ಮನೆಯಲ್ಲಿ ಇಲಿ ಎಂದು ನಾನೂ ಅಕ್ಕನೂ ನಕ್ಕೆವು. ಕಣ್ಣೆದುರು ಒಬ್ಬ ಮನುಷ್ಯನ ಉತ್ತರ ಒಂದರಿಂದ ನಾಲ್ಕಕ್ಕೆ ಇಳಿದಿತ್ತು, ಅದನ್ನು ಊಟದ ಹೊತ್ತಿನ ತಮಾಷೆ ಎಂದೇ ತಿಳಿದೆ.

ಸೂರತ್‌ನಲ್ಲಿ ಸೌರಾಷ್ಟ್ರದವರು ಎಂದರೆ ವಜ್ರ ಉಜ್ಜುವವರು. ಉಜ್ಜುವ ತಿರುಗುಚಕ್ರಕ್ಕೆ ಘಂಟಿ ಎನ್ನುತ್ತಾರೆ. ಒಂದು ಘಂಟಿಯ ಸುತ್ತ ನಾಲ್ವರು ಬಗ್ಗಿ ಕೂತು, ತಲೆಯ ಮಟ್ಟದ ಟ್ಯೂಬ್‌ಲೈಟಿನ ಕೆಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳನ್ನು ಚಕ್ರಕ್ಕೆ ಒತ್ತುತ್ತಿರುತ್ತಾರೆ. ಅಂಥ ಒಂದು ಕಾರ್ಖಾನೆಗೆ ಕಾಕಾರನ್ನು ಹಾಕಿದೆ. ಮಾಲೀಕ ಶೇಠ್ ಕೂಡ ಸೌರಾಷ್ಟ್ರದವರೇ. ಗಾಜಿನ ಗೋಡೆಯ ಆಚೆ ಕೂತು ಚಹಾ ಕಳಿಸಿದರು. ಅಲ್ಲಿನ ಫಾರಂಗಳಲ್ಲಿ ಹದಿನೇಳಕ್ಕೆ ಬಹುತೇಕ ನಾಲ್ಕು, ಐದು. ಬೇರೆ ರಾಜ್ಯ ಬೇಡವೇ ಬೇಡ.

ಪ್ರತಿ ಇನ್ವೆಸ್ಟಿಗೇಟರ್ ತುಂಬಿದ ಫಾರಂಗಳಲ್ಲಿ ಹತ್ತನ್ನು ಸೂಪರ್‌ವೈಸರ್ ತಾನೇ ಮತ್ತೆ ಹೋಗಿ ಪರೀಕ್ಷಿಸಬೇಕು. ಇದಕ್ಕೆ ಬ್ಯಾಕ್‌ಚೆಕ್ ಎಂದು ಹೆಸರು. ಮರದ ಕೆಳಗೆ ಕೂತು ಸುಳ್ಳು ಫಾರಂ ತುಂಬುವವರನ್ನು ಹಿಡಿಯುವ ಉಪಾಯ ಇದು. ಬ್ಯಾಕ್‌ಚೆಕ್ ಹಾಳೆ ಚಿಕ್ಕದು: ಹೆಸರು, ವಯಸ್ಸು, ಮುಖ್ಯವಾದ ಒಂದೆರಡು ಪ್ರಶ್ನೆ. ಹತ್ತರಲ್ಲಿ ಮೂರು ತಾಳೆಯಾಗದಿದ್ದರೆ ಆ ಮನುಷ್ಯನ ಫಾರಂ ಎಲ್ಲ ರದ್ದು, ಅವನೂ ರದ್ದು. ಹೆಸರು ಉಳಿದ ಸರ್ವೆ ಸಂಸ್ಥೆಗಳಿಗೂ ಹೋಗುತ್ತದೆ. ಬೇರೆ ಎರಡು ಊರುಗಳಲ್ಲಿ ಬ್ಯಾಕ್‌ಚೆಕ್ಕನ್ನೂ ಕಾರ್ಖಾನೆಯಲ್ಲೇ ಮುಗಿಸಿದ್ದೆ. ಸೂರತ್‌ನಲ್ಲಿ ಉಳಿದ ಐವರದ್ದೂ ಹಾಗೇ ಮುಗಿಯಿತು, ಕಾಕಾರ ಕಾರ್ಖಾನೆಯ ಶೇಠ್ ಮಾತ್ರ ಎರಡನೆಯ ಸಲ ಒಳಗೆ ಬಿಡಲಿಲ್ಲ. ಮಾಲು ಕಳಿಸುವ ವಾರವಂತೆ. ಫಾರಂನಲ್ಲಿದ್ದ ಮನೆ ವಿಳಾಸ ಹಿಡಿದು ಭಾನುವಾರ ವರಾಛಾ ಕಡೆಯ ಓಣಿಗಳಿಗೆ ಹೋದೆ. ರಜೆ ದಿನ, ಗಂಡಸರು ಮನೆಯಲ್ಲಿದ್ದರು, ಬಾಗಿಲೂ ತೆಗೆದರು.

ಮೊದಲ ಮನೆಯಲ್ಲಿ ಕಾಕಾ ಐದು ಬರೆದಿದ್ದರು, ಆ ಮನುಷ್ಯ ನನಗೆ ಒಂದು ಎಂದ. ಎರಡನೆಯದು ಸರಿಯಿತ್ತು. ಮೂರನೆಯದು ನಾಲ್ಕು ಇದ್ದದ್ದು ಎರಡಾಯಿತು. ಐದನೆಯದು ಮತ್ತೆ ತಲೆಕೆಳಗು. ಹತ್ತು ಮನೆ ಮುಗಿಯುವಷ್ಟರಲ್ಲಿ ಆರು ತಾಳೆಯಾಗಿರಲಿಲ್ಲ.

ರಸ್ತೆ ಬದಿಯ ಬೂತಿನಿಂದ ಡೈರೆಕ್ಟರ್‌ಗೆ ಫೋನ್ ಮಾಡಿದೆ. ಅವರು ಆಶ್ಚರ್ಯಪಡಲಿಲ್ಲ. “ವಯಸ್ಸಾದವರು, ಕಣ್ಣು ಸರಿಯಾಗಿ ಕಾಣುವುದಿಲ್ಲ, ಕೂತಲ್ಲೇ ತುಂಬಿದ್ದಾರೆ. ನಿಯಮದಂತೆ ಮಾಡಿ. ನಾನು ಇವತ್ತೇ ಸುತ್ತೋಲೆ ಕಳಿಸುತ್ತೇನೆ” ಎಂದರು. ನಿಯಮದಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಸೋಮವಾರ ಬೆಳಿಗ್ಗೆ ಲಾಡ್ಜಿನ ವರಾಂಡದಲ್ಲಿ ಕಾಕಾ ಶೇವ್ ಮುಗಿಸಿ ಚಹಾ ಕುಡಿಯುತ್ತಿದ್ದರು. ನಿಂತೇ ಹೇಳಿದೆ. ಅವರು ಬಶಿಯನ್ನು ಕೆಳಗಿಟ್ಟರು.

“ನಾ ಸುಳ್ಳು ಬರದೇನಿ ಅಂತೀರೇನು ಬೆನ್?”

“ತಾಳೆ ಆಗಿಲ್ಲ ಕಾಕಾ. ಹತ್ತರಾಗ ಆರು.”

“ಯಾರ್ಯಾರ್ದು? ತೋರಸ್ರಿ. ನಾ ಅವ್ರ ಜೋಡಿ ನಿಮ್ಮ ಮುಂದs ಮಾತಾಡ್ತೀನಿ.”

“ತೋರಸಂಗಿಲ್ಲ. ನಿಯಮ ಇಲ್ಲ.”

“ಗಿರಣ್ಯಾಗ ಇಪ್ಪತ್ತೆರಡು ವರ್ಷ ಹಾಜರಿ ಬರದೇನಿ. ಬರಲಾರದವನ್ನ ಬಂದಾನ ಅಂತ ಒಂದ ದಿವಸ ಬರದಿಲ್ಲ. ಅದಕ್ಕs ಎರಡು ಸಲ ಹೊಡತಾನೂ ತಿಂದೇನಿ.” ಅವರ ದನಿ ಏರಲಿಲ್ಲ. ನಾನು ಕೈಚಾಚಿದೆ. ಕೊರಳಿನ ಗುರುತಿನ ಚೀಟಿ ತೆಗೆದು ನನ್ನ ಕೈಗೆ ಕೊಟ್ಟರು. ಉಳಿದ ಖಾಲಿ ಫಾರಂಗಳನ್ನು ಎಣಿಸಿ, ಎಣಿಸಿದ್ದಕ್ಕೆ ನನ್ನ ಸಹಿ ಪಡೆದು, ಚೀಲ ಹಿಡಿದು ಸ್ಟೇಷನ್ ಕಡೆ ಹೋದರು. ನನಗೆ ಏನೂ ಅನ್ನಿಸಲಿಲ್ಲ. ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಅವರ ಫಾರಂಗಳನ್ನು ಇನ್ನು ಯಾರು ತುಂಬುವುದು ಎಂಬುದು.

ನಾನೇ ತುಂಬಬೇಕಾಯಿತು. ಮುಂದಿನ ಭಾನುವಾರ ಅವರ ರದ್ದಾದ ಹೆಸರುಗಳ ಪಟ್ಟಿ ಹಿಡಿದು ಮತ್ತೆ ವರಾಛಾಕ್ಕೆ ಹೋದೆ. ಎರಡನೆಯ ಮಹಡಿಯ ಒಂದೇ ಕೋಣೆಯ ಮನೆ. ಹಿಂದಿನ ಭಾನುವಾರ ತಾಳೆಯಾಗದ ಆರು ಜನರಲ್ಲಿ ಒಬ್ಬನಾದ ಮೂವತ್ತೈದರ ಆಸುಪಾಸಿನ ಕೆಲಸಗಾರ, ಊರಿನಿಂದ ಬಂದ ಅವನ ಅಣ್ಣ ಇಬ್ಬರೂ ಮಂಚದ ಮೇಲೆ ಕೂತಿದ್ದರು. ಪೂರ್ತಿ ಫಾರಂ ಕೇಳುತ್ತ ಹದಿನೇಳಕ್ಕೆ ಬಂದೆ. ಈ ಸಲವೂ “ಖಂಡಿತ ಬೇಕು” ಎಂದ. ಒಂದರ ಸುತ್ತ ಸೊನ್ನೆ ಎಳೆದೆ. ಅವನು ನಗುತ್ತ ಹೇಳಿದ:

“ಆವತ್ತು ಕನ್ನಡಕಕ್ಕ ದಾರ ಕಟ್ಟಿದ ಕಾಕಾ ಬಂದಿದ್ರಲ್ಲ, ಅವ್ರಿಗೆ ನಾ ಬ್ಯಾಡ ಅಂದಿದ್ದೆ. ಎರಡ ಸಲ ಕೇಳಿದ್ರು. ಎರಡೂ ಸಲ ಬ್ಯಾಡ ಅಂದೆ.”

ನನ್ನ ಪೆನ್ನು ನಿಂತಿತು. “ಮತ್ತ ಈಗ ಬೇಕು ಅಂದ್ರೆಲಾ?”

“ಅಲ್ಲಿ ಕೂತಾಗ ಬ್ಯಾಡ ಅನಸ್ತದ ಬೆನ್. ನಮ್ಮ ಶೇಠನ ಹರಳು ಅರ್ಧ ನಮ್ಮೂರ ಕಡೆ ಹೋಗಿ ಉಜ್ಜಿಸ್ಕೊಂಡು ಬರತಾವ. ನಡುವ ಗಡಿ ಬಿತ್ತು ಅಂದ್ರ ಚೆಕ್‌ಪೋಸ್ಟು, ಎರಡೆರಡು ತೆರಗಿ. ಘಂಟಿ ನಿಂತ್ರ ನನ್ನ ಗತಿ ಏನು? ಇಲ್ಲಿ ಅಣ್ಣ ಬಂದಾನ. ಹೊಲಕ್ಕ ಕಾಲಿವಿ ನೀರು ಇನ್ನೂ ಬಂದಿಲ್ಲ ಅಂತಾನ. ನಮ್ಮದs ಸರಕಾರ ಇದ್ರ ಯಾವಾಗೋ ಬರತಿತ್ತು ಅನಸ್ತದ. ನಾನೂ ಊರಿಗೆ ಹೋಗಬಹುದಿತ್ತು.”

“ಶೇಠ್‌ಗ ಅಂಜಿ ಬ್ಯಾಡ ಅಂದ್ರೇನು?”

“ಅಂಜಿಕಿ ಇಲ್ಲ ಅನ್ನಂಗಿಲ್ಲ. ಆದ್ರ ನನ್ನ ಹೊಟ್ಟಿನೂ ಅಲ್ಲೇ ಅದ.”

“ಹಂಗಾದ್ರ ಖರೆ ಯಾವದು?”

ಅವನು ಅಣ್ಣನ ಮುಖ ನೋಡಿದ. “ಎರಡೂ ಖರೆ” ಎಂದ. ಫಾರಂನಲ್ಲಿ ಅದಕ್ಕೆ ಅಂಕಿ ಇರಲಿಲ್ಲ.

ಮೆಟ್ಟಿಲ ಮೇಲೆ ಕೂತು ಚೀಲದಿಂದ ಕಾಕಾರ ಹಳೆಯ ಫಾರಂ ತೆಗೆದೆ. ಇದುವರೆಗೆ ನಾನು ನೋಡಿದ್ದು ಬ್ಯಾಕ್‌ಚೆಕ್ ಹಾಳೆಯ ಪ್ರಶ್ನೆಗಳನ್ನಷ್ಟೇ. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ಮೊದಲಿನಿಂದ ಓದಿದೆ. ಹೊಲ ಎಷ್ಟು ಬಿಘಾ, ಅಣ್ಣತಮ್ಮಂದಿರಲ್ಲಿ ಪಾಲಾಗಿದೆಯೇ, ಊರಿಗೆ ವರ್ಷಕ್ಕೆ ಎಷ್ಟು ಸಲ ಹೋಗುತ್ತಾನೆ, ಸತ್ತ ಮಗುವೊಂದು ಇತ್ತು ಎಂಬುದೂ ಸೇರಿ ಎಲ್ಲ ಅಕ್ಷರ ಅಕ್ಷರ ಸರಿಯಿತ್ತು. ಕೂತಲ್ಲೇ ತುಂಬುವವನಿಗೆ ಒಬ್ಬನ ಸತ್ತ ಮಗು ಹೊಳೆಯುವುದಿಲ್ಲ. ತಾಳೆಯಾಗದೆ ಇದ್ದದ್ದು ಹದಿನೇಳು ಮತ್ತು ಅದರ ಬಾಲದ ಎರಡು ಪ್ರಶ್ನೆ. ತಾಳೆಯಾಗದ ಉಳಿದ ಐವರ ಮನೆ ಬೆಳಿಗ್ಗೆಯೇ ಮುಗಿಸಿದ್ದೆ, ಆ ಫಾರಂಗಳನ್ನೂ ಹಾಗೇ ಪಕ್ಕಪಕ್ಕ ಇಟ್ಟು ನೋಡಿದೆ. ಅವೂ ಹಾಗೇ. ಎಲ್ಲರೂ ಒಂದೇ ದಿಕ್ಕಿಗೆ ತಿರುಗಿದ್ದೂ ಅಲ್ಲ. ಕಾರ್ಖಾನೆಯಲ್ಲಿ ಬೇಕು ಎಂದ ಒಬ್ಬ ಮನೆಯಲ್ಲಿ ಬೇಡ ಎಂದಿದ್ದ. ಅವನ ಹೆಂಡತಿ ಒಳಗಿನಿಂದ, “ಮಕ್ಕಳ ಸಾಲಿ ಇಲ್ಲೇ ಅದ, ರೇಷನ್ ಕಾರ್ಡ್ ಇಲ್ಲೇ ಅದ, ಸುಮ್ನಿರ್ರಿ” ಎಂದದ್ದು ನನಗೇ ಕೇಳಿಸಿತ್ತು. ಮನುಷ್ಯನ ಅಭಿಪ್ರಾಯ ಅವನ ಜೇಬಿನಲ್ಲಿರುತ್ತದೆ ಎಂದು ಪ್ರಾಧ್ಯಾಪಕರ ಟಿಪ್ಪಣಿಯಲ್ಲಿತ್ತು. ಈ ಜನರ ಅಂಗಿಗೆ ಎರಡು ಜೇಬಿದ್ದವು, ಯಾವುದರ ಮೇಲೆ ಕೈಯಿದೆ ಎಂಬುದು ಎಲ್ಲಿ ಕೂತಿದ್ದಾರೆ ಎಂಬುದರ ಮೇಲಿತ್ತು. ಕಾಕಾ ಕೇಳಿದ್ದನ್ನೇ ಬರೆದಿದ್ದರು. ಕಾರ್ಖಾನೆಯಲ್ಲಿ ಕೇಳಲು ಕಳಿಸಿದವಳು ನಾನು, ಮನೆಯಲ್ಲಿ ತಾಳೆ ನೋಡಿದವಳೂ ನಾನು.

ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಪಟ್ಟಿಯಲ್ಲಿ ಇನ್ನೂ ನಾಲ್ಕು ಮನೆ ಇದ್ದವು, ಮುಗಿಸಿಕೊಂಡು ಅಡಾಜಣ್‌ಗೆ ಹೋದೆ. ಅಕ್ಕ “ಯಾಕ, ಮಾರಿ ಸಪ್ಪಗೈತಿ?” ಎಂದರು. ದಣಿವು ಎಂದೆ.

ಮೂರು ದಿನ ಲೆಕ್ಕ ಹಾಕಿದೆ. ಹೇಳಿದರೆ ನನ್ನ ಅಡ್ಡದಾರಿ ಹೊರಬರುತ್ತದೆ. ಸೂರತ್ ಅಷ್ಟೇ ಅಲ್ಲ, ಮೂರೂ ಊರಿನ ಫಾರಂಗಳ ಬುಡ ಅಲುಗುತ್ತದೆ. ನಾನು ಮೂರು ತಿಂಗಳಿಗೊಮ್ಮೆ ಕಾಗದ ಹೊಸದು ಮಾಡಿಸಿಕೊಳ್ಳುವ ಗುತ್ತಿಗೆ ನೌಕರಿಯವಳು. ಈ ಕೆಲಸ ಮುಗಿದ ಮೇಲೆ ವಡೋದರಾದ ಕಚೇರಿ ನನ್ನ ಕೈಗೆ, ಅದರೊಡನೆ ಕಾಯಂ ಆದೇಶ ಎಂಬ ಮಾತಿತ್ತು. ಹೇಳದಿದ್ದರೆ ಒಬ್ಬ ಮುದುಕ ಸುಳ್ಳುಗಾರ ಎನ್ನಿಸಿಕೊಂಡು ಕೂರುತ್ತಾನೆ, ಅಷ್ಟೇ. ನಾಲ್ಕನೆಯ ದಿನ ಬೆಳಗಿನ ಗಾಡಿ ಹತ್ತಿ ಅಹಮದಾಬಾದಿಗೆ ಹೋಗಿ ಡೈರೆಕ್ಟರ್ ಮುಂದೆ ಹೇಳಿದೆ. ಧೈರ್ಯ ಬಂದು ಹೇಳಿದ್ದಲ್ಲ. ತಪ್ಪು ಕಂಡರೆ ವರದಿ ಮಾಡಬೇಕು ಎಂಬುದೂ ನಿಯಮವೇ, ಅದಕ್ಕೇ ಹೇಳಿದೆ.

ಅವರು ಕಣ್ಣು ಮುಚ್ಚಿ ಕೇಳಿದರು. “ಮನೆಯಲ್ಲಿ ಕೇಳಿದ ಉತ್ತರವೇ ಒಪ್ಪಂದದ ಉತ್ತರ. ನೀವು ಮತ್ತೆ ತುಂಬಿದ್ದೀರಲ್ಲ, ಸೂರತ್‌ಗೆ ಅದನ್ನೇ ಕಳಿಸೋಣ. ಉಳಿದ ಎರಡು ಊರಿನಲ್ಲಿ ಯಾವ ದೂರೂ ಬಂದಿಲ್ಲ” ಎಂದರು.

“ಕಾಕಾರ ಹೆಸರು?”

ಆಗ ಅವರು ಒಂದು ಪತ್ರ ಹೇಳಿ ಬರೆಸಿದರು. ‘ಕಚೇರಿಯ ತಪ್ಪು ತಿಳಿವಳಿಕೆಯಿಂದ ಇವರನ್ನು ಕೆಲಸದಿಂದ ಬಿಡಿಸಲಾಗಿತ್ತು. ಸದರಿ ಕ್ರಮವನ್ನು ಹಿಂದಕ್ಕೆ ಪಡೆಯಲಾಗಿದೆ.’ ಎರಡೇ ಸಾಲು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದನ್ನು ಕವರಿಗೆ ಹಾಕಿ ಕಾಕಾರ ಮನೆ ಹುಡುಕಿಕೊಂಡು ಹೊರಟೆ.

ಮುಚ್ಚಿದ ಗಿರಣಿಯ ಹಿಂದಿನ ಚಾಳಿನಲ್ಲಿ ಅವರ ಮನೆ. ಅವರ ಹೆಂಡತಿ ಹಪ್ಪಳ ಲಟ್ಟಿಸುತ್ತಿದ್ದವರು ಎದ್ದು ನೀರು ಕೊಟ್ಟರು. ನಾನು ಯಾರೆಂದು ತಿಳಿದ ಮೇಲೆ ಹಪ್ಪಳದ ಮಣೆಯ ಮುಂದೆ ಹೋಗಿ ಕೂತು, ನನ್ನ ಕಡೆ ನೋಡದೆ, “ಇವ್ರು ಬರದದ್ದು ಸುಳ್ಳು ಅಂತ ಇಷ್ಟು ವರ್ಷ ಯಾರೂ ಅಂದಿದ್ದಿಲ್ಲ” ಎಂದರು. ಕಾಕಾ ಪತ್ರವನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು.

“ಬೆನ್, ಮೂರು ಆಫೀಸಿಗೆ ಹೋಗಿ ಬಂದೆ. ಮೂರೂ ಕಡೆ ಸುತ್ತೋಲೆ ಮುಟ್ಟೇದ. ಈ ಕಾಗದ ತೋರಿಸಿದ್ರ ಅವ್ರು ಏನಂತಾರ ಹೇಳ್ರಿ? ಮುದುಕ ಕಾಲಿಗೆ ಬಿದ್ದು ಬರಸ್ಕೊಂಡಾನ ಅಂತಾರ. ತಪ್ಪು ಏನಾತು, ಯಾರಿಂದಾತು, ಇದರಾಗ ಇಲ್ಲ.”

“ಏನಂತ ಬರೀಬೇಕು ಕಾಕಾ?”

“ಆದದ್ದನ್ನ ಬರೀರಿ. ಫಾರಂ ಖರೆ ಅದಾವ. ಕಾರ್ಖಾನ್ಯಾಗ ಕೇಳ್ರಿ ಅಂದಾವ್ರು ಸೂಪರ್‌ವೈಸರ್. ತಾಳೆ ನೋಡಿದ್ದು ಮನ್ಯಾಗ. ಕೆಳಗ ನಿಮ್ಮ ಹೆಸರು, ಸಹಿ. ಅಷ್ಟಾದ್ರ ನನಗ ಎಲ್ಲಾ ಕಡೆ ಬಾಗಲಾ ತಗೀತದ.”

“ನಾಳೆ ಟೈಪ್ ಮಾಡಿಸ್ಕೊಂಡು ತರ್ತೀನಿ” ಎಂದೆ. ಆ ಮನೆಯಲ್ಲಿ, ಆ ಚಾಪೆಯ ಮೇಲೆ ಕೂತು ಹಾಗೆ ಅಂದಾಗ ನನಗೆ ಬರೆದುಕೊಡುವ ಮನಸ್ಸು ನಿಜವಾಗಿಯೂ ಇತ್ತು. ಕಾಕಾ ತಲೆಯಾಡಿಸಿದರು. ಹೆಂಡತಿ ಚಹಾ ಮಾಡಿಕೊಟ್ಟರು, ಕುಡಿದು ಬಂದೆ.

ಮಾರನೆಯ ದಿನ ಕಚೇರಿಯಲ್ಲಿ ಕಾಕಾ ಹೇಳಿದ ಹಾಗೆಯೇ ಮೂರು ಸಾಲು ಟೈಪ್ ಮಾಡಿದೆ. ಕೆಳಗೆ ನನ್ನ ಹೆಸರು ಹಾಕಿದೆ. ಪ್ರಿಂಟರ್ ಡೈರೆಕ್ಟರ್ ಕೋಣೆಯಲ್ಲಿತ್ತು. ಕಾಗದ ಹೊರಬಂದಾಗ ಅವರು ಎತ್ತಿ ಓದಿ, ಸಿಟ್ಟಾಗದೆ, ನನ್ನ ಕೈಗೆ ಕೊಟ್ಟರು.

“ಸಹಿ ನಿಮ್ಮದು, ನಾನು ತಡೆಯುವುದಿಲ್ಲ. ಆದರೆ ಇದು ಹೊರಗೆ ಹೋದರೆ ಪ್ರಾಧ್ಯಾಪಕರಿಗೂ ಹೋಗುತ್ತದೆ. ವಡೋದರಾಕ್ಕೆ ಯಾರು ಎಂದು ಮುಂದಿನ ಶುಕ್ರವಾರ ತೀರ್ಮಾನ. ನೀವೇ ನೋಡಿ” ಎಂದರು.

ನನ್ನ ಮೇಜಿಗೆ ಬಂದು ಕೂತೆ. ಪೆನ್ನಿನ ಮುಚ್ಚಳ ತೆಗೆದೆ. ಊಟದ ನಂತರ ಹಾಕೋಣ ಎಂದುಕೊಂಡೆ. ಊಟವಾದ ಮೇಲೆ ಸೂರತ್‌ನ ಫಾರಂಗಳ ಪೆಟ್ಟಿಗೆ ಬಂತು, ಅದನ್ನು ತೆರೆದು ಜೋಡಿಸುವುದರಲ್ಲಿ ಸಂಜೆಯಾಯಿತು. ಶುಕ್ರವಾರ ಕಳೆದ ಮೇಲೆ ಕೊಡೋಣ ಎಂದುಕೊಂಡು ಕಾಗದವನ್ನು ಡ್ರಾದಲ್ಲಿಟ್ಟೆ. ಶುಕ್ರವಾರ ವಡೋದರಾ ನನ್ನದಾಯಿತು. ಆದೇಶ ಬಂದ ಮೇಲೆ ಸಹಿ ಹಾಕುವುದು ಮೊದಲಿಗಿಂತ ಕಷ್ಟವಾಯಿತು, ಈಗ ಕಳೆದುಕೊಳ್ಳುವುದಕ್ಕೆ ಕೈಯಲ್ಲೇ ಏನೋ ಇತ್ತು.

ಪ್ರಾಧ್ಯಾಪಕರಿಗೆ ವರದಿ ಹೋಯಿತು, ಅವರು ಮೆಚ್ಚಿ ಬರೆದರು. ಸೂರತ್‌ನವರ ಉತ್ತರ ಉಳಿದೆರಡು ಊರಿಗಿಂತ ಬೇರೆ ಯಾಕಿದೆ ಎಂಬುದು ಬಹಳ ಕುತೂಹಲದ ವಿಷಯ ಎಂದಿದ್ದರು. ಯಾಕೆಂದು ನಾವು ತಿಳಿಸಲಿಲ್ಲ.

ವಡೋದರಾದಲ್ಲಿ ಮೊದಲ ಕೆಲಸವೇ ಹೊಸ ಸರ್ವೆಗೆ ಇನ್ವೆಸ್ಟಿಗೇಟರ್‌ಗಳನ್ನು ಆರಿಸುವುದು. ಬೇಸಿಗೆ ಶುರುವಾಗಿತ್ತು. ಅರ್ಜಿ ನಮೂನೆಯನ್ನು ನಾನೇ ತಯಾರಿಸಿದ್ದೆ. ಈ ಹಿಂದೆ ಯಾವುದಾದರೂ ಸಂಸ್ಥೆ ನಿಮ್ಮನ್ನು ಕೆಲಸದಿಂದ ತೆಗೆದಿದೆಯೇ, ಹೌದಾದರೆ ಕಾರಣವೇನು ಎಂದು ಒಂದು ಕಾಲಂ ಇಟ್ಟಿದ್ದೆ. ಹೌದು ಎಂದವರನ್ನು ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮವೂ ನನ್ನದೇ. ಅಂಚೆಯಲ್ಲಿ ಬಂದ ಅರ್ಜಿಗಳನ್ನು ತಿರುವುತ್ತಿದ್ದಾಗ ಮುದ್ರಿಸಿದಂಥ ಅಕ್ಷರ ಕಂಡಿತು. ಹೆಸರು ಓದುವ ಮೊದಲೇ ಗೊತ್ತಾಯಿತು. ವಡೋದರಾದ ಈ ಕುರ್ಚಿಯಲ್ಲಿ ಯಾರಿದ್ದಾರೆಂದು ಅವರಿಗೆ ತಿಳಿದಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.

ಆ ಕಾಲಂನಲ್ಲಿ ಅವರು ಹೌದು ಎಂದು ಬರೆದಿದ್ದರು. ಬಿಟ್ಟು ಖಾಲಿ ಇಡಬಹುದಿತ್ತು, ಇಲ್ಲ ಎಂದು ಬರೆಯಬಹುದಿತ್ತು, ಬೇರೆಯವರು ಹಾಗೇ ಮಾಡುತ್ತಾರೆ. ಕಾರಣ ಎಂಬಲ್ಲಿ ಹೀಗಿತ್ತು: ‘ಕಾರಣವನ್ನು ಸೂಪರ್‌ವೈಸರ್ ಬೆನ್ ಬರೆದು ಕೊಡುವವರಿದ್ದಾರೆ. ಬಂದ ಕೂಡಲೇ ಲಗತ್ತಿಸುತ್ತೇನೆ.’

ನಾಚಿಕೆಯಾಯಿತು. ಆ ಚಳಿಗಾಲ ಶುರುವಾದ ಮೇಲೆ ನನಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು. ಕುರ್ಚಿ ಬಿಟ್ಟು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ಗುಮಾಸ್ತೆ ಒಳಗೆ ಬಂದು, “ಮೇಡಂ, ಇದು ಯಾವ ಕಟ್ಟಿಗೆ?” ಎಂದು ಕೇಳಿದ. ಕಾಲಂ ನೋಡು ಎಂದೆ. ಅವನು ನೋಡಿ, ತಿರಸ್ಕರಿಸಿದ ಅರ್ಜಿಗಳ ಕಟ್ಟಿಗೆ ಸೇರಿಸಿ, ದಾರ ಬಿಗಿದ.